ಕಿವಿಗೆ ಪುಸ್ತಕ, ಕಣ್ಣಿಗೆ ಮಾತು

ಕ್ಲಾಸಿನಲ್ಲಿ ಪಾಠ ಮಾಡಿದರೆ ನಮ್ಮ ತಪ್ಪು ನಾಲ್ಕು ಗೋಡೆಯೊಳಗೇ ಉಳಿಯುತ್ತದೆ; ಆನ್‌ಲೈನ್‌ಗೆ ಹಾಕಿದರೆ ಊರೂರು ಸುತ್ತಿ ಎಲ್ಲರನ್ನೂ ನಗಿಸಿ ವಾಪಸ್ ಬರುತ್ತದೆ. ನಮ್ಮಲ್ಲಿ ಇದು ವಾರಕ್ಕೊಮ್ಮೆಯಾದರೂ ಆಗುತ್ತಿತ್ತು.

ನಾನು ಗದುಗಿನ ಒಂದು ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಹೇಳುವವನು. ಪಾಠಗಳನ್ನೆಲ್ಲ ಆನ್‌ಲೈನ್‌ನಲ್ಲಿ ಹಾಕಬೇಕು, ಕಣ್ಣು ಕಾಣದವರಿಗೂ ಕಿವಿ ಕೇಳದವರಿಗೂ ದೊಡ್ಡ ಮೊಬೈಲ್ ಇಲ್ಲದವರಿಗೂ ಅವು ಮುಟ್ಟಬೇಕು ಎಂದು ಮೇಲಿನಿಂದ ಪತ್ರ ಬಂತು. ಪತ್ರ ಹಿಡಿದು ಪ್ರಿನ್ಸಿಪಾಲರು ಸ್ಟಾಫ್ ರೂಮಿಗೆ ಬಂದಾಗ ಉಳಿದವರೆಲ್ಲ ಥಟ್ಟನೆ ತಲೆ ತಗ್ಗಿಸಿ ಪೇಪರ್ ತಿದ್ದತೊಡಗಿದರು. ನಾನೊಬ್ಬ ಚಹಾ ಕುಡಿಯುತ್ತ ತಲೆ ಎತ್ತಿದ್ದೆ. ಕೆಲಸ ನನಗೇ ಬಂತು.

ಮೂವತ್ತೆರಡು ಸಲ

ನನ್ನ ಕೈಬರಹ ಛಂದ ಎಂದು ಹೆಸರು. ಹಳೆಯ ನೋಟ್ಸಿನ ಒಂದೊಂದು ಪುಟವನ್ನೂ ಫೋಟೋ ತೆಗೆದು ಹಾಕಿಬಿಟ್ಟೆ. ಎಲ್ಲರಿಗಿಂತ ಮೊದಲು ಮುಗಿಸಿದೆನೆಂಬ ಹೆಮ್ಮೆ ಬೇರೆ.

ಕುರ್ತಕೋಟಿಯಿಂದ ಬರುವ ಒಬ್ಬ ಹುಡುಗಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿನ ಅಕ್ಷರಗಳನ್ನು ಅವಳ ಮೊಬೈಲು ಓದಿ ಹೇಳುತ್ತದೆ. ಅವಳು ಕೇಳಿ ಕಲಿಯುತ್ತಾಳೆ. ಮರುದಿನ ಕಾರಿಡಾರಿನಲ್ಲಿ ಸಿಕ್ಕಳು.

‘ಪಾಠ ಕೇಳಿದೇನವಾ?’

‘ಪೂರ್ತಿ ಕೇಳಿದೆರಿ ಸರ್.’

‘ಹೆಂಗಿತ್ತು?’

‘ಚಿತ್ರ, ಚಿತ್ರ, ಚಿತ್ರ ಅಂತ ಮೊಬೈಲ್ ಮೂವತ್ತೆರಡು ಸಲ ಹೇಳಿತ್ರಿ. ಬಾಯಿಪಾಠ ಆಗೇತಿ.’

ಫೋಟೋದೊಳಗಿನ ಬರಹ ಆ ಮೊಬೈಲಿಗೆ ಬರೀ ಚಿತ್ರ ಎಂಬುದು ನನಗೆ ಆಗಲೇ ತಿಳಿದದ್ದು. ನಾನು ನಕ್ಕೆ. ಅವಳು ನಗಲಿಲ್ಲ.

‘ಪರೀಕ್ಷಿಗೆ ಎರಡ ತಿಂಗಳ ಉಳದಾವ್ರಿ. ಹಿಂಗ ಆದ್ರ ನಾ ಕಾಲೇಜ್ ಬಿಡಬೇಕಾಗತೈತಿ.’

ಹೆಮ್ಮೆ ಅಲ್ಲೇ ಇಳಿಯಿತು. ಅಂದಿನಿಂದ ಎರಡೇ ಬೆರಳಿನಲ್ಲಿ ಟೈಪ್ ಮಾಡಲು ಕುಳಿತೆ. ವಾರವಾದ ಮೇಲೆ ಮೊದಲ ಪಾಠ ಸಿದ್ಧವಾಯಿತು. ಕೇಳಿದವಳು ಹೇಳಿದಳು: ‘ಈಗ ಭಾಳ ಛಲೋ ಆತ್ರಿ ಸರ್. ಆದ್ರ ಕಾಗುಣಿತ ತಪ್ಪು ರಗಡ ಅದಾವು. ಪಾಪ, ಮೊಬೈಲ್ ತಡವರಿಸಾಕತ್ತೇತಿ.’

ಬಡಿಗ ಮತ್ತು ಬೇಲಿ

ಲಕ್ಷ್ಮೇಶ್ವರದ ಒಬ್ಬ ಹುಡುಗನಿಗೆ ಕಿವಿ ಕೇಳುವುದಿಲ್ಲ. ವಿಡಿಯೋ ಪಾಠದ ಮಾತುಗಳೆಲ್ಲ ಅವನಿಗೆ ಕೆಳಗಡೆ ಅಕ್ಷರವಾಗಿ ಕಾಣಬೇಕು. ಮಾತು ಕೇಳಿ ಬರೆದುಕೊಳ್ಳುವ ಕೆಲಸವನ್ನು ಕಂಪ್ಯೂಟರಿಗೇ ಒಪ್ಪಿಸಿ ನಾವು ನಿಶ್ಚಿಂತರಾದೆವು.

ಅರ್ಥಶಾಸ್ತ್ರದ ಸರ್ ಹುಲಕೋಟಿ ಊರಿನವರು. ಕ್ಯಾಮೆರಾ ಮುಂದೆಯೂ ಅವರದು ಮನೆಯ ಮಾತೇ. ‘ಬೇಡಿಕಿ ಏರಿದ್ರ ಬೆಲಿ ಏರತೈತಿ’ ಎಂದು ಅವರು ಹೇಳಿದರೆ ಕಂಪ್ಯೂಟರು ‘ಬಡಿಗ ಏರಿದರೆ ಬೇಲಿ ಏರುತ್ತದೆ’ ಎಂದು ಬರೆಯಿತು. ನಡುವೆ ಗದ್ದಲ ಮಾಡಿದ ಹುಡುಗರಿಗೆ ‘ಸುಮ್ಮ ಕುಂಡ್ರಿ’ ಎಂದದ್ದು ‘ಸುಮ್ಮನೆ ಕುದುರೆ’ ಆಯಿತು. ನಮ್ಮಲ್ಲಿ ಒಬ್ಬರೂ ಓದಿ ನೋಡಲಿಲ್ಲ.

ಹುಡುಗ ಮೂರು ದಿನ ಅದನ್ನೇ ಅಭ್ಯಾಸ ಮಾಡಿ, ಸ್ಟಾಫ್ ರೂಮಿಗೆ ಬಂದು ಒಂದು ಚೀಟಿ ಕೊಟ್ಟ: ‘ಸರ್, ಬಡಿಗ ಬೇಲಿ ಏರುವುದು ಒಂದಿಷ್ಟು ತಿಳಿಯಿತು. ಕುದುರೆ ಯಾಕೆ ಸುಮ್ಮನಿದೆ?’

ಅವತ್ತಿನಿಂದ ಅವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಸಾಲುಸಾಲಾಗಿ ತಿದ್ದಿದೆವು. ಅರ್ಥಶಾಸ್ತ್ರದ ಸರ್ ಪುಸ್ತಕದ ಕನ್ನಡ ರೂಢಿಯಾಗಲೆಂದು ಮನೆಯಲ್ಲೂ ಅದನ್ನೇ ಆಡತೊಡಗಿದರು. ‘ದಯವಿಟ್ಟು ಇನ್ನೊಂದು ರೊಟ್ಟಿಯನ್ನು ನೀಡುವೆಯಾ?’ ಎಂದಾಗ ಅವರ ಹೆಂಡತಿ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ಬಂದು, ಹಣೆ ಮುಟ್ಟಿ ಜ್ವರ ನೋಡಿದರಂತೆ.

ಕೋಟೆಯೊಳಗಿನ ರಾಜ

ಶಿರಹಟ್ಟಿಯ ಒಬ್ಬ ಹುಡುಗಿಯ ಮನೆಯಲ್ಲಿದ್ದದ್ದು ಬಟನ್ ಮೊಬೈಲು. ವಿಡಿಯೋ ಅದರಲ್ಲಿ ನಡೆಯದು. ಅವಳಿಗಾಗಿ ಪಾಠವನ್ನು ಬರೀ ಧ್ವನಿಯಲ್ಲಿ ರೆಕಾರ್ಡ್ ಮಾಡಿ ಮೆಮೊರಿ ಕಾರ್ಡಿಗೆ ಹಾಕಿ ಕೊಟ್ಟೆ. ನಾಲ್ಕು ದಿನವಾದ ಮೇಲೆ ಅವಳ ಅಜ್ಜಿಯ ಫೋನ್ ಬಂತು.

‘ಮಾಸ್ತರ್ರೀ, ಶಿರಹಟ್ಟಿಯಿಂದ ನಿಮ್ಮ ಹುಡುಗಿ ದಾದಿಮಾ ಮಾತಾಡೋದು. ನಾ ಹೊಲಿಗಿ ಮಷೀನ್ ಮ್ಯಾಲೆ ಕುಂತು ದಿನಾ ನಿಮ್ಮ ಪಾಠ ಕೇಳ್ತೀನಿ.’

‘ಭಾಳ ಸಂತೋಷ ಆತ್ರಿ ಅಮ್ಮಾರ.’

‘ಸಂತೋಷ ಆಮ್ಯಾಗ. ಆ ರಾಜಾನ ಕೋಟಿಗೆ ದುಶ್ಮನ್ರು ಮುತ್ತಿಗಿ ಹಾಕಿದ್ರು ಅಂತ ಹೇಳಿ ಪಾಠ ಮುಗಿಸಿಬಿಟ್ರಲ್ಲ? ಅಂವ ಪಾರಾದ್ನೋ ಇಲ್ಲೋ?’

‘ಅದು ಮುಂದಿನ ಪಾಠದಾಗ ಬರತೈತ್ರಿ. ಸೋಮವಾರ ಕೊಡ್ತೀನಿ.’

ಆ ಕಡೆ ಹೊಲಿಗೆ ಮಷೀನು ನಿಂತಿತು. ಆಮೇಲೆ ಕಾಳಜಿಯ ದನಿ: ‘ಸೋಮವಾರದ ತನಕಾ ಅಂವ ಒಳಗ ಏನ್ ತಿಂತಾನ್ರಿ?’

ಸೋಮವಾರದ ಪಾಠ ಗುರುವಾರವೇ ಹೋಯಿತು.

ಶಾಸನದ ಪಕ್ಕದಲ್ಲಿ

ಪಾಠದಲ್ಲಿ ಚಿತ್ರವಿದ್ದರೆ ಅದರಲ್ಲಿ ಏನಿದೆ ಎಂದು ಬರೆಯಬೇಕು. ಕಣ್ಣು ಕಾಣದವರಿಗೆ ಮೊಬೈಲು ಆ ವಿವರಣೆಯನ್ನು ಓದಿ ಹೇಳುತ್ತದೆ. ನಾನು ಮೊದಮೊದಲು ಎಲ್ಲದಕ್ಕೂ ‘ಸುಂದರ ಚಿತ್ರ’ ಎಂದು ಬರೆದು ಮುಗಿಸುತ್ತಿದ್ದೆ. ಕುರ್ತಕೋಟಿಯ ಹುಡುಗಿ ಬಿಡಲಿಲ್ಲ: ‘ಏನೇನು ಐತಿ ಅಂತ ಬರೀರಿ ಸರ್. ಸುಂದರ ಹೌದೋ ಅಲ್ಲೋ, ಅದನ್ನ ನಾ ಹೇಳ್ತೀನಿ.’

ಅಷ್ಟು ಹೇಳಿದ ಮೇಲೆ ನನಗೆ ಹುರುಪು ಬಂತು. ಮುಂಡರಗಿ ಕಡೆಯ ಒಂದು ಹಳ್ಳಿಯಲ್ಲಿ, ಕಲ್ಲಿನ ಎತ್ತರ ತಿಳಿಯಲೆಂದು ಹೋದ ವರ್ಷ ನಾನೇ ಶಾಸನದ ಪಕ್ಕ ನಿಂತು ತೆಗೆಸಿಕೊಂಡ ಫೋಟೋ ಒಂದಿತ್ತು. ಅದಕ್ಕೆ ಮನಸ್ಸಿಟ್ಟು ವಿವರಣೆ ಬರೆದೆ.

ಕೆಲವು ದಿನಗಳಲ್ಲಿ ನಮ್ಮ ಪಾಠಗಳನ್ನು ನೋಡಲು ಹೊರಗಿನಿಂದ ಒಂದು ಸಮಿತಿ ಬಂತು. ಅವರು ಒಪ್ಪಿದರೆ ಮಾತ್ರ ಈ ಕೆಲಸ ಮುಂದಿನ ವರ್ಷಕ್ಕೂ ನಡೆಯುವುದಿತ್ತು. ಪ್ರಿನ್ಸಿಪಾಲರು ಬೆವರುತ್ತಿದ್ದರು. ಕುರ್ತಕೋಟಿಯ ಹುಡುಗಿ ನಿಶ್ಚಿಂತೆಯಿಂದ ಮೊಬೈಲನ್ನು ಮೇಜಿನ ಮೇಲಿಟ್ಟು, ಜೋರು ದನಿ ಮಾಡಿ, ಪಾಠ ಹಚ್ಚಿದಳು. ಎಲ್ಲ ಸರಾಗವಾಗಿ ಸಾಗಿತು. ಚಿತ್ರ ಬಂತು.

‘ಎಡಗಡೆ ಆಳೆತ್ತರದ ಕಲ್ಲಿನ ಶಾಸನ. ಮೇಲ್ಭಾಗದಲ್ಲಿ ಸೂರ್ಯ, ಚಂದ್ರ. ಬಲಗಡೆ ಉಪನ್ಯಾಸಕರು. ಎತ್ತರದ ನಿಲುವು, ತಲೆತುಂಬ ಕಪ್ಪು ಕೂದಲು, ವಯಸ್ಸು ಸುಮಾರು ಮೂವತ್ತು.’

ಸಮಿತಿಯವರೆಲ್ಲ ಒಟ್ಟಿಗೆ ನನ್ನ ತಲೆ ನೋಡಿದರು. ಕೂದಲು ನನ್ನನ್ನು ಬಿಟ್ಟು ಹೋಗಿ ಹದಿನೈದು ವರ್ಷವಾಗಿತ್ತು.

‘ಯಾಕ್ರೀ, ಎಲ್ಲಾರೂ ಸುಮ್ಮ ಆದ್ರಿ?’ ಎಂದಳು ಹುಡುಗಿ. ಪಕ್ಕದಲ್ಲಿದ್ದ ಗೆಳತಿ ಅವಳ ಕಿವಿಯಲ್ಲಿ ಏನೋ ಉಸುರಿದಳು. ಇಬ್ಬರೂ ಬಾಯಿಗೆ ಓಢಣಿ ಒತ್ತಿಕೊಂಡರು. ಅಧ್ಯಕ್ಷೆಯಾಗಿದ್ದ ಮೇಡಂ ಗಂಭೀರವಾಗಿ ಬರೆದರು: ‘ಕೆಲಸ ಮುಂದುವರಿಯಲಿ. ಒಂದು ಚಿತ್ರದ ವಿವರಣೆ ಮಾತ್ರ ತಿದ್ದತಕ್ಕದ್ದು.’

ಅಂದೇ ಸಂಜೆ ತಿದ್ದಿದೆ: ‘ಬೋಳು ತಲೆ, ದಪ್ಪ ಕನ್ನಡಕ, ಐವತ್ತರ ಮೇಲೆ.’

ಹುಡುಗಿ ಪರೀಕ್ಷೆ ಬರೆದಳು, ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಪೇಢೆ ಕೊಡಲು ಬಂದವಳು ಹೊರಡುವಾಗ ಬಾಗಿಲಲ್ಲಿ ನಿಂತಳು.

‘ಸರ್, ನಿಮ್ಮ ಫೋಟೋದ ಆ ಹಳೇ ವಿವರಣೆ ನಾ ಡೌನ್‌ಲೋಡ್ ಮಾಡಿ ಇಟಗೊಂಡೀನ್ರಿ.’

‘ಅದ್ಯಾಕವಾ?’

‘ನಿಮಗ ಯಾವಾಗರ ಭಾಳ ಬ್ಯಾಸರಾದ್ರ ಫೋನ್ ಮಾಡ್ರಿ. ಹಚ್ಚಿ ಕೇಳಸ್ತೀನಿ.’