ತಲೆ ಮೇಲಿಂದ ಇಳಿಯದ ಕೈ

ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮೇಟ್ರನ್ ಆಗಿರುವವಳಿಗೆ ಆಘಾತವೆಂಬುದು ಬೆಳಗಿನ ಹಾಲಿನ ಹಾಗೆ, ಹೇಳಿ ಕಳಿಸದಿದ್ದರೂ ಬಾಗಿಲಿಗೆ ಬರುತ್ತದೆ. ಒಂದು ದಿನ ಬರಲಿಲ್ಲವೆಂದರೆ ಮಧ್ಯಾಹ್ನದ ಹೊತ್ತಿಗೆ ನಾನೇ ಎದ್ದು, ಎಲ್ಲಿ ಏನು ನಡೆಯುತ್ತಿದೆ ಎಂದು ಹುಡುಕಿಕೊಂಡು ಹೋಗುತ್ತೇನೆ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಅಲ್ಲಿಯ ಸಿಸ್ಟರುಗಳು ಮಕ್ಕಳನ್ನು ಹೊಡೆಯುತ್ತಿರಲಿಲ್ಲ. ರಿಬ್ಬನ್ನಿನಿಂದ ಒಂದೇ ಒಂದು ಎಳೆ ಕೂದಲು ಹೊರಗೆ ಬಂದಿದ್ದರೂ ಎದುರು ಬಂದು ನಿಂತು, ಬೆರಳೆತ್ತಿ, "ಐ ಆಮ್ ಶಾಕ್ಡ್" ಅನ್ನುತ್ತಿದ್ದರು. ಅಷ್ಟಕ್ಕೇ ನಮಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸುತ್ತಿತ್ತು. ಕೊಪ್ಪದ ಈ ಹಾಸ್ಟೆಲಿಗೆ ಬಂದ ಮೇಲೆ ನಾನೂ ಅದೇ ಮಾತನ್ನು ಇಟ್ಟುಕೊಂಡಿದ್ದೇನೆ. ಬೆತ್ತದ ಹಾಗೆ ಅದನ್ನು ಯಾರಿಗೂ ಕದ್ದು ಬಾವಿಗೆ ಹಾಕಲು ಆಗುವುದಿಲ್ಲ.

ಇಲ್ಲಿ ಬರೆದಿರುವುದೆಲ್ಲ ಒಂದೇ ಹುಡುಗಿಯ ತಲೆಯಿಂದ ಹೊರಟ ಪ್ರಸಂಗಗಳು.

ಸಾರಿನಲ್ಲಿ ಸಿಕ್ಕಿದ್ದು

ಹುಡುಗಿ ಮುತ್ತಿನಕೊಪ್ಪದ ಕಡೆಯವಳು. ಐದನೇ ತರಗತಿಗೆ ನಮ್ಮಲ್ಲಿಗೆ ಬಂದಳು. ಅವಳ ಕೂದಲೆಂದರೆ, ಬೂರುಗದ ಕಾಯಿ ಒಡೆದಾಗ ಹಾರುತ್ತದಲ್ಲ, ಆ ಹತ್ತಿ. ಅಷ್ಟು ನಯ, ಅಷ್ಟು ತೆಳು. ಪಕ್ಕದಲ್ಲಿ ಯಾರಾದರೂ ನಿಟ್ಟುಸಿರು ಬಿಟ್ಟರೂ ಎದ್ದು ನಿಲ್ಲುತ್ತಿತ್ತು.

ನಮ್ಮ ನಿಯಮ ಎರಡು ಜಡೆ, ಮಡಚಿ ಕಟ್ಟಿದ ಕಪ್ಪು ರಿಬ್ಬನ್. ನಾನೇ ಎದುರು ಕೂರಿಸಿಕೊಂಡು ಬಿಗಿಯಾಗಿ ಹೆಣೆದು ಕಳಿಸುತ್ತಿದ್ದೆ. ಪ್ರಾರ್ಥನೆ ಮುಗಿಯುವುದರೊಳಗೆ ರಿಬ್ಬನ್ ಜಾರಿ ಬಿದ್ದು, ಜಡೆ ತಾನಾಗಿ ಬಿಚ್ಚಿಕೊಂಡು, ಕೂದಲು ಮುಖದ ಸುತ್ತ ಹೊಗೆಯ ಹಾಗೆ ನಿಂತಿರುತ್ತಿತ್ತು. ಬಿದ್ದ ರಿಬ್ಬನ್ನುಗಳು ಮೆಟ್ಟಿಲ ಮೇಲೆ, ನಲ್ಲಿಯ ಬುಡದಲ್ಲಿ, ತುಳಸಿ ಗಿಡದ ಮೇಲೆ ಸಿಗುತ್ತಿದ್ದವು. ಊಟ ಬಡಿಸುವ ಸರದಿ ಅವಳದಾದ ದಿನ ಸಾರಿನ ಪಾತ್ರೆಯಲ್ಲೇ ಸಿಕ್ಕಿತು.

ಅಡುಗೆಯವಳು ಅದನ್ನು ಸೌಟಿನಿಂದ ಎತ್ತಿ ಹಿಡಿದು ನಿಂತಿದ್ದಳು. ನಾನು ನೋಡಿ, "ಐ ಆಮ್ ಶಾಕ್ಡ್" ಅಂದೆ.

"ನಂಗೂ ಹಂಗೇ ಆಯ್ತು ಅಮ್ಮ," ಅಂದಳು ನಿಧಾನಕ್ಕೆ. "ಸೀದ ಒಣಮೆಣಸು ಅಂತ ಎತ್ತಿದೆ. ಎತ್ತಿದಷ್ಟೂ ಬರ್ತಾನೇ ಇತ್ತು."

ಹಪ್ಪಳ

ರಿಬ್ಬನ್ನಿಗಿಂತ ದೊಡ್ಡ ತೊಂದರೆ ಆಮೇಲೆ ತಿಳಿಯಿತು. ಈ ಹುಡುಗಿ ಕಥೆ ಹೇಳುವುದರಲ್ಲಿ ಭಾರಿ ಜಾಣೆ. ಅವಳ ಪಂಕ್ತಿಯಲ್ಲಿ ಕೂತ ಮಕ್ಕಳ ಅನ್ನ ಆರಿ ಹೋಗುತ್ತಿತ್ತು. ಸುತ್ತಲಿನ ಮೂರು ತಾಲ್ಲೂಕಿನ ಹಾಸ್ಟೆಲ್ ಮಕ್ಕಳಿಗೆ ನರಸಿಂಹರಾಜಪುರದಲ್ಲಿ ಕಥೆ ಹೇಳುವ ಸ್ಪರ್ಧೆಯಿದೆ, ಇವಳನ್ನೇ ಕಳಿಸೋಣ ಎಂದು ಕ್ಲಾಸ್ ಟೀಚರ್ ಹೇಳಿದರು. ಹೇಳಿದವರೇ ಮುಂದುವರಿದು, "ಆದರೆ ಮೇಡಂ, ಎದ್ದು ನಿಂತ ಕೂಡಲೇ ಬಲಗೈ ತಲೆ ಮೇಲೆ ಹೋಗಿ ಕೂತುಬಿಡುತ್ತದೆ. ಇಳಿಯುವುದೇ ಇಲ್ಲ. ಬಾಯಿಂದ ಮಾತೂ ಹೊರಡುವುದಿಲ್ಲ" ಅಂದರು.

ನಾನು ಹುಡುಗಿಯನ್ನು ಕರೆದು ಕೇಳಿದೆ. ಆಗಲೂ ಕೈ ತಲೆ ಮೇಲೇ ಇತ್ತು.

"ಕೈ ತೆಗೆದ್ರೆ ಕೂದ್ಲು ಏಳ್ತದೆ ಮೇಡಂ. ಕೂದ್ಲು ಎದ್ರೆ ಎಲ್ಲರೂ ನಗ್ತಾರೆ."

"ಸ್ಪರ್ಧೆಗೆ ಹೋಗುವ ಮನಸ್ಸಿಲ್ಲವೇ?"

"ಉಂಟು," ಅಂದಳು. ಕಣ್ಣು ತುಂಬಿಕೊಂಡಿತು. "ಭಾಳ ಉಂಟು."

ಮನಸ್ಸಿರುವ ಮಗುವನ್ನು ಕೂದಲು ತಡೆಯುವುದು ನನಗೆ ಸರಿಕಾಣಲಿಲ್ಲ. ಮರುದಿನವೇ ಕೊಬ್ಬರಿ ಎಣ್ಣೆಯ ಡಬ್ಬ ತೆಗೆದೆ. ಏಳುವ ಕೂದಲನ್ನು ಕೂರಿಸಲು ಎಷ್ಟು ಬೇಕೋ ಅಷ್ಟು ಹಾಕಿದೆ. ಕೂತಿತು. ಎಷ್ಟರ ಮಟ್ಟಿಗೆ ಕೂತಿತೆಂದರೆ ತಲೆಯ ಮೇಲೆ ಕೂದಲಿದೆಯೇ ಎಂದು ಹತ್ತಿರ ಹೋಗಿ ನೋಡಬೇಕಾಯಿತು. ಮಳೆಯಲ್ಲಿ ನೆಂದ ಕೋಳಿಮರಿಯ ಹಾಗೆ ಎರಡು ಕಿವಿ, ಒಂದು ಮೂಗು ಉಳಿದಿದ್ದವು.

ಸಂಜೆ ಗಣಿತದ ಟೀಚರ್ ಬಂದು ಅವಳ ಉತ್ತರಪತ್ರಿಕೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಮುಂದಿನ ಪುಟದ ಲೆಕ್ಕ, ಹಿಂದಿನ ಪುಟದ ಲೆಕ್ಕ, ಎರಡೂ ಒಟ್ಟಿಗೇ ಓದಲು ಬರುತ್ತಿದ್ದವು.

"ಮೇಡಂ," ಅಂದರು ಆಕೆ, "ಇದನ್ನು ತಿದ್ದಬೇಕೋ, ಕರಿಯಬೇಕೋ?"

ಗಂಜಿ

ನಾನು ಉಡುವುದು ಹತ್ತಿ ಸೀರೆ. ಗಂಜಿ ಹಾಕಿ, ಇಸ್ತ್ರಿ ಮಾಡಿ ಉಡುತ್ತೇನೆ. ಇದರಲ್ಲಿ ಆಡಂಬರವೇನಿಲ್ಲ, ಹೆಣ್ಣುಮಕ್ಕಳ ಎದುರು ನಿಲ್ಲುವವಳ ನೆರಿಗೆ ನೆಟ್ಟಗಿರಬೇಕು ಅಷ್ಟೆ.

ಒಂದು ಭಾನುವಾರ ಬಚ್ಚಲ ಹತ್ತಿರ ಸದ್ದಿಲ್ಲ. ಮೂವತ್ತು ಮಕ್ಕಳಿರುವ ಕಡೆ ಸದ್ದಿಲ್ಲವೆಂದರೆ ಓಡಬೇಕು. ಓಡಿದೆ. ಎಂಟನೇ ತರಗತಿಯ ಹುಡುಗಿಯರೆಲ್ಲ ಗುಂಪುಗಟ್ಟಿ ನಿಂತಿದ್ದರು. ನಡುವೆ ನಮ್ಮ ಹುಡುಗಿ ಕುಕ್ಕರಗಾಲಿನಲ್ಲಿ ಕೂತು, ಎರಡೂ ಜಡೆಯನ್ನು ನನ್ನ ಸೀರೆಯ ಗಂಜಿ ಬಕೆಟ್ಟಿನಲ್ಲಿ ಅದ್ದಿ ತೆಗೆದಿದ್ದಳು. ಆಗಲೇ ಒಣಗಿತ್ತು. ಒಂದು ಜಡೆ ಎಡಕ್ಕೆ, ಒಂದು ಜಡೆ ಬಲಕ್ಕೆ, ಸೈಕಲ್ಲಿನ ಹ್ಯಾಂಡಲ್ ಹಾಗೆ ಅಡ್ಡ ನಿಂತಿದ್ದವು. ಒಬ್ಬಳ ಕೈಯಲ್ಲಿ ನನ್ನ ಇಸ್ತ್ರಿ ಪೆಟ್ಟಿಗೆ ಇತ್ತು. ಪುಣ್ಯಕ್ಕೆ ವೈರು ಪ್ಲಗ್ಗಿನ ತನಕ ಮುಟ್ಟಿರಲಿಲ್ಲ.

"ಐ ಆಮ್ ಶಾಕ್ಡ್," ಅಂದೆ. "ಇದು ಯಾರ ಬುದ್ಧಿ?"

ಇಸ್ತ್ರಿ ಪೆಟ್ಟಿಗೆ ಹಿಡಿದವಳು ಹೆದರದೆ ಹೇಳಿದಳು: "ನಿಮ್ಮ ಸೀರೆ ಎಂಥ ಗಾಳಿಗೂ ಅಲ್ಲಾಡೋದಿಲ್ಲ ಮೇಡಂ. ಅದಕ್ಕೇ."

ತರ್ಕದಲ್ಲಿ ತಪ್ಪು ಹುಡುಕಲು ನನಗೆ ಆ ಕ್ಷಣಕ್ಕೆ ಆಗಲಿಲ್ಲ. ಅಡುಗೆಯವಳು ತಲೆ ತೊಳೆಯುವ ಮತ್ತಿ ಸೊಪ್ಪು ಕಿವುಚಿ ಬಕೆಟ್ ತುಂಬ ಗೊಂಪು ಮಾಡಿ ತಂದಳು. ಆ ಲೋಳೆಯಲ್ಲಿ ತಿಕ್ಕಿ ತಿಕ್ಕಿ ಗಂಜಿ ಬಿಡಿಸುವಷ್ಟರಲ್ಲಿ ಅವಳೂ, ನಾನೂ, ಹುಡುಗಿಯೂ ಸರದಿಯಂತೆ ಜಾರಿ ಕೂತೆವು.

ಗಂಜಿ ಖರ್ಚಾಗಿದ್ದರಿಂದ ಸೋಮವಾರ ಹಾಗೇ ಸೀರೆ ಉಟ್ಟು ಶಾಲೆಗೆ ಹೋದೆ. ಹೆಡ್ ಮಿಸ್ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕುರ್ಚಿ ಎಳೆದು ಕೊಟ್ಟು, "ಜ್ವರ ಎಷ್ಟು ದಿನದಿಂದ?" ಎಂದು ಕೇಳಿದರು.

ಶೃಂಗೇರಿಯ ಮೆಟ್ಟಿಲು

ಮಕ್ಕಳನ್ನು ಶೃಂಗೇರಿಗೆ ಕರೆದುಕೊಂಡು ಹೋಗಿದ್ದೆವು. ದರ್ಶನ ಮುಗಿಸಿ ಹೊಳೆಯ ಮೆಟ್ಟಿಲಿಗೆ ಬಂದೆವು. ಮೀನುಗಳಿಗೆ ಮಂಡಕ್ಕಿ ಹಾಕುವುದು ಮಕ್ಕಳ ಆಸೆ. ಹೊಳೆ ಗಾಳಿ ಬೀಸುತ್ತಿತ್ತು. ನಮ್ಮ ಹುಡುಗಿ ಎಡಗೈಯಲ್ಲಿ ಮಂಡಕ್ಕಿ ಪೊಟ್ಟಣ, ಬಲಗೈ ತಲೆ ಮೇಲೆ, ಒಂದೊಂದೇ ಮೆಟ್ಟಿಲು ಗಂಭೀರವಾಗಿ ಇಳಿದಳು.

ಅವಳ ಹಿಂದೆ ಎಲ್ಲೋ ಬಯಲುಸೀಮೆಯಿಂದ ಬಂದ ಯಾತ್ರಿಕರ ತಂಡ. ಮುಂದಿದ್ದ ಹೆಂಗಸು ಹುಡುಗಿಯನ್ನು ನೋಡಿದಳು, ತಾನೂ ಬಲಗೈಯನ್ನು ತಲೆಯ ಮೇಲಿಟ್ಟುಕೊಂಡಳು. ಅವಳನ್ನು ನೋಡಿ ಅವಳ ಗಂಡ. ಗಂಡನನ್ನು ನೋಡಿ ಅತ್ತೆ. ನಾನು ತಿರುಗುವಷ್ಟರಲ್ಲಿ ಇಡೀ ತಂಡ ತಲೆಯ ಮೇಲೆ ಕೈ ಹೊತ್ತು ಸಾಲಾಗಿ ಇಳಿಯುತ್ತಿತ್ತು. ಹಿಂದೆ ಉಳಿದವನೊಬ್ಬ ನನ್ನನ್ನೇ ಕೇಳಿದ: "ಯಾವ ಕೈ ಅಮ್ಮಾ, ಬಲಗೈನಾ?"

ಧರ್ಮದ ವಿಷಯದಲ್ಲಿ ಸುಳ್ಳು ಹೇಳಬಾರದೆಂದು, "ಯಾವ ಕೈಯೂ ಬೇಡ" ಅಂದೆ. ಆತ ನನ್ನನ್ನು ನಾಸ್ತಿಕಳೆಂದುಕೊಂಡು ಎರಡೂ ಕೈ ಇಟ್ಟುಕೊಂಡು ಹೋದ.

ಆವತ್ತು ಸಂಜೆ ಊಟದ ಕೋಣೆಯಲ್ಲಿ ಹುಡುಗಿ ಆ ಹೆಂಗಸು, ಗಂಡ, ಅತ್ತೆ, ಒಬ್ಬೊಬ್ಬರ ಇಳಿಯುವ ನಡಿಗೆಯನ್ನೂ ಮಾಡಿ ತೋರಿಸಿದಳು. ನಗುವುದು ನನ್ನ ಪದ್ಧತಿಯಲ್ಲ. ಮಜ್ಜಿಗೆ ನೆತ್ತಿಗೇರಿತು ಅಷ್ಟೆ.

ಬಾಳಗಡಿಯ ಕತ್ತರಿ

ಕೊನೆಗೆ ಹುಡುಗಿಯನ್ನು ಪಕ್ಕದ ಬಾಳಗಡಿಯ ಬ್ಯೂಟಿ ಪಾರ್ಲರಿಗೆ ಕರೆದುಕೊಂಡು ಹೋದೆ. ಅಂಥ ಕಡೆ ಕಾಲಿಟ್ಟದ್ದು ಅದೇ ಮೊದಲು. ಅಂಗಡಿಯ ಹುಡುಗಿಯ ಕೂದಲು ಅರ್ಧ ಕಪ್ಪು, ಅರ್ಧ ತಾಮ್ರದ ಚೊಂಬಿನ ಬಣ್ಣ. ನನಗಾದದ್ದನ್ನು ಬಾಯಿಬಿಟ್ಟು ಹೇಳಲಿಲ್ಲ.

ಆಕೆ ಮಗುವಿನ ಕೂದಲನ್ನು ಬೆರಳಲ್ಲಿ ಎತ್ತಿ ನೋಡಿ, "ಇಂಥ ನೈಸ್ ಕೂದ್ಲಿಗೆ ಉದ್ದ ಬೇಡ ಮೇಡಂ, ಗಲ್ಲದ ತನಕ ಸಮ ಕತ್ತರಿಸಿದ್ರೆ ದಟ್ಟ ಕಾಣ್ತದೆ" ಅಂದಳು. ಪ್ಲಾಸ್ಟಿಕ್ ಬಾಚಣಿಗೆ ಬಿಡಿ, ಮರದ್ದು ತಗೊಳ್ಳಿ. ಮಿಂದ ಮೇಲೆ ಟವೆಲಿನಲ್ಲಿ ಉಜ್ಜಬೇಡಿ, ಮೆತ್ತನೆ ಬಟ್ಟೆಯಲ್ಲಿ ಒತ್ತಿ. ಎಣ್ಣೆ ಎರಡೇ ಹನಿ, ಅದೂ ತುದಿಗೆ.

ನಾನು ಹುಡುಗಿಯ ತಾಯಿಗೆ ಫೋನ್ ಮಾಡಿದೆ. ಆಕೆ ತೋಟದ ಕೆಲಸದಲ್ಲಿದ್ದಳು. "ಕತ್ತರಿಸಿ ಅಮ್ಮ. ಸಣ್ಣೋಳಿದ್ದಾಗ ನಂದೂ ಹಂಗೇ ಇತ್ತು. ಕೂಸು ನಗ್ತಾ ಉಂಟಲ್ಲ, ಅಷ್ಟು ಸಾಕು" ಅಂದಳು. ಎರಡು ಜಡೆಯ ನಿಯಮ ಏನಾಗಬೇಕೆಂದು ಯೋಚಿಸಿದೆ. ಜಡೆಯೇ ಇಲ್ಲದ ಮೇಲೆ ಆ ನಿಯಮ ಮುರಿಯುವ ಮಾತೇ ಬರುವುದಿಲ್ಲ ಎಂದು ತೀರ್ಮಾನಿಸಿದೆ.

ಕತ್ತರಿಸಿದ ಮೇಲೆ ಮಗು ಲಕ್ಷಣವಾಗಿ ಕಂಡಿತು. ಕೂದಲು ಬಹುಮಟ್ಟಿಗೆ ಕೂತಿತ್ತು. ಆದರೂ ಅಂಗಡಿಯಿಂದ ಹೊರಗೆ ಬಂದ ಕೂಡಲೇ ಬಲಗೈ ಎಂದಿನಂತೆ ಮೇಲೆ ಹೋಯಿತು. ಕೂದಲಿಗೆ ಮದ್ದು ಸಿಕ್ಕಿತು, ಕೈಗೆ ಯಾರ ಹತ್ತಿರ ಕೇಳುವುದು ಎಂದು ನಾನು ಯೋಚಿಸುತ್ತ ನಿಂತಿದ್ದಾಗ ಅಂಗಡಿಯ ಹುಡುಗಿ ಬಾಗಿಲಿಗೆ ಬಂದು ನನ್ನ ತುರುಬನ್ನು ನೋಡಿ ಕರುಣೆಯಿಂದ ಹೇಳಿದಳು: "ನಿಮಗೂ ಒಂದು ಸಲ ಏನಾದ್ರೂ ಮಾಡಬಹುದಿತ್ತು ಮೇಡಂ."

ನರಸಿಂಹರಾಜಪುರದಲ್ಲಿ

ಸ್ಪರ್ಧೆಯ ದಿನ ನನ್ನ ಚೀಲದಲ್ಲಿ ಮರದ ಬಾಚಣಿಗೆ, ಪಿನ್ನು, ನೀರಿನ ಬಾಟಲಿ ಎಲ್ಲ ಇದ್ದವು. ಕಥೆಯನ್ನು ನಾನೇ ಆರಿಸಿದ್ದೆ. ಎಂಥ ಸಂದರ್ಭದಲ್ಲೂ ಕಂಡದ್ದನ್ನೇ ಹೇಳುವ ಬಾಲಕಿಯೊಬ್ಬಳ ನೀತಿಕಥೆ. ಬಸ್ಸಿನಲ್ಲಿ ಬಾಯಿಪಾಠ ಹೇಳಿಸಿದೆ. ಅಕ್ಷರ ತಪ್ಪದೆ ಹೇಳಿದಳು, ಕೈ ತಲೆಯ ಮೇಲಿಟ್ಟುಕೊಂಡು.

ವೇದಿಕೆಯ ಪಕ್ಕದಲ್ಲಿ ದೊಡ್ಡ ಪೆಡೆಸ್ಟಲ್ ಫ್ಯಾನು ತಿರುಗುತ್ತಿತ್ತು. ಅವಳ ಹೆಸರು ಕರೆದರು. ಹೋಗಿ ಮೈಕಿನ ಎದುರು ನಿಂತಳು. ಕೈ ತಲೆಯ ಮೇಲೆ. ಮಾತಿಲ್ಲ. ಹಿಂದಿನ ಸಾಲಿನಲ್ಲಿ ಕಿಸಕ್ಕೆಂದರು. ಮುಂದಿನ ಸಾಲಿನಲ್ಲೇ ನಾನು ಕೂತಿದ್ದೆ.

ನಾನು ಏನು ಮಾಡುತ್ತಿದ್ದೇನೆಂಬ ಅರಿವಿಲ್ಲದೆ ಅರ್ಧ ಎದ್ದು, ಒಂದು ಕೈಯಲ್ಲಿ ಬಾಚಣಿಗೆ ಹಿಡಿದು, ಇನ್ನೊಂದು ಕೈಯ ಬೆರಳೆತ್ತಿ, ಕೈ ಇಳಿಸು ಎಂದು ಸನ್ನೆ ಮಾಡಿದೆ. ಅವಳು ನನ್ನನ್ನು ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ನೀತಿಕಥೆಯನ್ನು ಬಿಟ್ಟು, "ನಮ್ಮ ಹಾಸ್ಟೆಲಿನಲ್ಲಿ ಒಬ್ಬರು ಮೇಟ್ರನ್ ಇದ್ದಾರೆ" ಎಂದು ಶುರುಮಾಡಿದಳು.

ಸಾರಿನ ರಿಬ್ಬನ್ ಬಂತು. ಹಪ್ಪಳ ಬಂತು. ಗಂಜಿ ಬಕೆಟ್ ಬಂತು. ಮೇಟ್ರನ್ ಆಗಬೇಕಾದರೆ ಒಂದು ಕೈ ಸಾಲುವುದಿಲ್ಲ. ಬಾಚಣಿಗೆ ಹಿಡಿಯಲು ಒಂದು ಬೇಕು, ಬೆರಳೆತ್ತಲು ಇನ್ನೊಂದು ಬೇಕು. ಬಲಗೈ ತಲೆಯಿಂದ ಇಳಿಯಿತು. ಫ್ಯಾನಿನ ಗಾಳಿಗೆ ಕೂದಲು ಅಷ್ಟೂ ಎದ್ದು ಸುತ್ತ ನಿಂತಿತು. ಅವಳು ಅದನ್ನು ಬೆರಳಲ್ಲಿ ತೋರಿಸಿ, "ಇಕೊಳ್ಳಿ, ಇದೇ ಕೂದಲು" ಅಂದಳು. ಸಭೆ ನಕ್ಕಿತು. ಅವಳೂ ನಕ್ಕಳು. ಮತ್ತೆ ಬೆನ್ನು ನೆಟ್ಟಗೆ ಮಾಡಿ, ಕತ್ತು ಬಿಗಿದು, ಮೂಗಿನಿಂದ ಸ್ವರ ಎಳೆದು, "ಐ ಆಮ್ ಶಾಕ್ಡ್" ಅಂದಳು. ಆಮೇಲೆ ಪ್ರತಿ ಸಲ ಅವಳು ಬೆರಳೆತ್ತಿದಾಗಲೂ ಸಭೆಯೇ ಆ ಮಾತನ್ನು ಮುಗಿಸಿತು.

ನನ್ನ ಸ್ವರ ಅಷ್ಟು ಕೀರಲಲ್ಲ. ಉಳಿದದ್ದನ್ನು ಅಲ್ಲಗಳೆಯಲಾರೆ.

ಫಲಿತಾಂಶ ಹೇಳುವಾಗ ಹಿರಿಯ ತೀರ್ಪುಗಾರರು ಎದ್ದು ನಿಂತರು. "ಕೊಪ್ಪದ ಹಾಸ್ಟೆಲಿನ ಹುಡುಗಿಗೆ ಎರಡನೇ ಬಹುಮಾನ. ಹೇಳುವ ಕಲೆ ಅದ್ಭುತ. ಆದರೆ ಮೇಟ್ರನ್ ಪಾತ್ರ ಅತಿಯಾಯಿತು. ಮಕ್ಕಳು ಕಲ್ಪನೆಯನ್ನು ಹಿಡಿತದಲ್ಲಿಡಬೇಕು. ಇಂಥವರು ಎಲ್ಲೂ ಇರುವುದಿಲ್ಲ."

ಕಂಡದ್ದನ್ನು ಕಂಡಂತೆ ಹೇಳಿದ ಮಗುವಿಗೆ ಸುಳ್ಳುಬುರುಕಿಯ ಪಟ್ಟ. ನಾನು ಸುಮ್ಮನೆ ಕೂರುವವಳಲ್ಲ. ಎದ್ದೆ, ನೆರಿಗೆ ಸರಿಮಾಡಿಕೊಂಡೆ, ನೇರ ತೀರ್ಪುಗಾರರ ಮೇಜಿಗೆ ಹೋದೆ. ಕೈಯಲ್ಲಿ ಬಾಚಣಿಗೆ ಹಾಗೇ ಇತ್ತು. ಬೆರಳೆತ್ತಿದೆ.

"ಐ ಆಮ್ ಶಾಕ್ಡ್," ಅಂದೆ.

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹಿರಿಯ ತೀರ್ಪುಗಾರರು ನನ್ನನ್ನು ನೋಡಿದರು, ವೇದಿಕೆಯ ಮೇಲೆ ಎರಡೂ ಕೈ ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದ ಹುಡುಗಿಯನ್ನು ನೋಡಿದರು, ಕೂತುಕೊಂಡು ಪೆನ್ನು ತೆಗೆದು, ಎರಡು ಎಂದು ಬರೆದದ್ದನ್ನು ಹೊಡೆದುಹಾಕಿ ಒಂದು ಎಂದು ಬರೆದರು.