ಹಾಯಿಗಂಬದ ರೇಡಿಯೋ ತಂತಿ

ಮನೆಗೆ ಹಂಚು ಹೊದಿಸುವುದು ಬಿಟ್ಟು ಹಾಯಿದೋಣಿಗೆ ರೇಡಿಯೋ ತಂದ ತಪ್ಪಿಗೆ, ಬಂಟ್ವಾಳದ ರುಕ್ಮಯ್ಯನ ಹೆಂಡತಿ ರಾಜೀವಿ ವೇಣೂರಿನ ತವರಿಗೆ ಹೋಗಿ ಕೂತು ಮೂರು ತಿಂಗಳಾಗಿತ್ತು. ಮಾವ ಧರ್ಣಪ್ಪ ತಾಳಮದ್ದಳೆಯಲ್ಲಿ ಪಾತ್ರಗಳ ಮಾತು, ಅಂದರೆ ಅರ್ಥ, ಹೇಳಿ ಹೆಸರು ಮಾಡಿದ ಅರ್ಥಧಾರಿ. ಧಾರವಾಡದ ಆಕಾಶವಾಣಿಗೆ ಹೊರಡುವ ಮುಂಚೆ ಅವರು ಹೇಳಿಕಳಿಸಿದ್ದರು: "ಶನಿವಾರ ಸಂಜೆ ಆರೂವರೆಗೆ ರೇಡಿಯೋದಲ್ಲಿ ನನ್ನ ಅರ್ಥ ಉಂಟು. ಅವನು ಕೇಳಲಿ. ಸೋಮವಾರ ಬಂದು ನಾಲ್ಕು ಜನರ ಎದುರು ಒಂದು ಮಾತು ಬಿಡದೆ ಹೇಳಿದರೆ ಮಗಳನ್ನು ಕಳಿಸ್ತೇನೆ."

ಶನಿವಾರ ಬೆಳಿಗ್ಗೆ ನೋಡಿದರೆ ರೇಡಿಯೋ ಮೂಕ. ಹಾಯಿಗಂಬದ ತುದಿಯಿಂದ ಇಳಿಬಿಟ್ಟಿದ್ದ ತಂತಿಯನ್ನು, ಸರಕು ಹೊತ್ತು ಕಡಲಂಚಿನ ತನಕ ಹೋದಾಗಲೆಲ್ಲ ಬಡಿದ ಅಳಿವೆಬಾಗಿಲ ಉಪ್ಪುಗಾಳಿ ತಿಂದು ಮುಗಿಸಿತ್ತು.

ಮಧ್ಯಾಹ್ನದ ಹೊತ್ತಿಗೆ ರುಕ್ಮಯ್ಯ ಹೊಸ ತಾಮ್ರದ ತಂತಿ ತಂದು ಕಂಬ ಹತ್ತಿದ. ಸಲಹೆ ಕೊಡುವವರಿಗೆ ದಡದಲ್ಲಿ ಬರವೇ?

"ತಂತಿ ಕಂಬಕ್ಕೆ ತಾಗಬಾರದು ಮಾರಾಯ, ನಡುವೆ ಪಿಂಗಾಣಿ ಬೇಕು," ಎಂದರು ಶಾಲೆಯ ಲೋಕನಾಥ ಮಾಸ್ಟ್ರು. ಹೋಟೆಲಿನಿಂದ ಚಹಾದ ಕಪ್ಪು ಬಂತು. ಅದನ್ನು ಕಂಬದ ತುದಿಗೆ ಕಟ್ಟಿ, ಅದರ ಕಿವಿಗೆ ತಂತಿ ಬಿಗಿದದ್ದಾಯಿತು. ತಂತಿಯ ಸುರುಳಿ ಬಿಡಿಸಲು ಇನ್ನೊಂದು ತುದಿಯನ್ನು ದಡದ ಮರದ ಕೊಂಬೆಗೆ ಸಿಕ್ಕಿಸಿದರೆ, ಮೀನಿನ ಜೈನಬಮ್ಮ ಸಿಕ್ಕಿದ್ದೇ ಸಾಕೆಂದು ಅದಕ್ಕೆ ಬಂಗುಡೆ ಒಣಹಾಕಿದರು.

ಮಾಸ್ಟ್ರು ದೋಣಿಯನ್ನೇ ಹತ್ತಿ, "ಆ ಹಗ್ಗ ಅಡ್ಡ ಬರ್ತದೆ, ಬಿಚ್ಚು," ಎಂದರು. ಕಲಿತವರ ಮಾತು ಮೀರಬಾರದೆಂದು ರುಕ್ಮಯ್ಯ ಬಿಚ್ಚಿದ. ಅದು ಹಾಯಿಯನ್ನು ಸುತ್ತಿ ಕಟ್ಟಿದ್ದ ಹಗ್ಗ. ಹಾಯಿ ಗಾಳಿ ಕುಡಿದು ಉಬ್ಬಿತು. ದೋಣಿ ಗೂಟ ಕಿತ್ತು ನೇತ್ರಾವತಿಯ ನಡುವಿಗೆ ಹೊರಟಿತು. ಕಂಬದ ಮೇಲೆ ರುಕ್ಮಯ್ಯ, ಕೆಳಗೆ ಈಜು ಬಾರದ ಮಾಸ್ಟ್ರು, ಹಿಂದೆ ಕೊಂಬೆಯಿಂದ ಕಳಚಿದ ತಂತಿಯಲ್ಲಿ ಮೆರವಣಿಗೆಯಾಗಿ ಬಂಗುಡೆಗಳು.

"ನನ್ನ ಮೀನು ಎಲ್ಲಿಗೆ ಕೊಂಡುಹೋಗ್ತೀ?" ಎಂದು ಜೈನಬಮ್ಮ ದಡದುದ್ದಕ್ಕೂ ಕೇಳುತ್ತ ನಡೆದರು.

ದೋಣಿ ತಿರುಗಿಸಿ ತಂದು, ಬೈಗುಳ ತಿಂದು, ತಂತಿಯನ್ನು ಮತ್ತೆ ಬಿಗಿದು ಮುಗಿಸುವಾಗ ಆರೂವರೆ. ತಿರುಪು ತಿರುಗಿಸಿದ್ದೇ ತಡ, ಮಾವನ ಕಂಠ ಎದುರಿಗೇ ಕೂತಂತೆ ಕೇಳಿಸಿತು. ರುಕ್ಮಯ್ಯನಿಗೆ ಸಂತೋಷದಿಂದ ಕಣ್ಣು ತುಂಬಿತು. ತಾನು ಮರೆತರೆ ನೆನಪಿಸಲಿ ಎಂದು ದಡದವರನ್ನೆಲ್ಲ ಕರೆದು ಕೂರಿಸಿದ.

ಪ್ರಸಂಗ, ಅಳಿಯನನ್ನು ಯಜ್ಞಕ್ಕೆ ಕರೆಯದ ಮಾವನದು. ತಾಳಮದ್ದಳೆಯಲ್ಲಿ ಮಾತನ್ನು ಯಾರೂ ಬರೆದುಕೊಡುವುದಿಲ್ಲ. ಅರ್ಥಧಾರಿಯ ಬಾಯಿಗೆ ಬಂದದ್ದೇ ಪುರಾಣ.

"ತಲೆಯ ಮೇಲೆ ಸೂರಿಲ್ಲ, ಕಿವಿಗೆ ಮಾತ್ರ ಸಂಗೀತ ಬೇಕು," ಎಂದು ರೇಡಿಯೋ ಗುಡುಗಿತು. "ನೀರಿನ ಮೇಲೆ ಮಲಗುವ ಇಂಥ ಅಲೆಮಾರಿಯ ಹಿಂದೆ ಮಗಳನ್ನು ಮತ್ತೆ ಕಳಿಸಿದವನು ತಂದೆಯೇ ಅಲ್ಲ!"

ಇದೇ ಧಾಟಿ ಮುಕ್ಕಾಲು ಗಂಟೆ. ದಡದವರು ನಗುವುದಕ್ಕೆ ಒಬ್ಬರ ಬೆನ್ನ ಹಿಂದೆ ಒಬ್ಬರು ಅಡಗಿದರು. ರುಕ್ಮಯ್ಯ ತಿರುಪಿಗೆ ಕೈ ಹಾಕಿದಾಗ ಮಾಸ್ಟ್ರು ತಡೆದರು.

"ನಿಲ್ಲಿಸಬೇಡ ಮಾರಾಯ. ಸೋಮವಾರ ನೀನೇ ಹೇಳುವುದಲ್ಲವಾ, ಸರಿಯಾಗಿ ಕಲಿತುಕೋ."