ನನ್ನ ತೂಕದ ಚೀಲ

ನಿಮ್ಮ ಚಿಕ್ಕಜ್ಜಿ ನನ್ನನ್ನು ನ್ಯಾಮತಿಯ ಮಂಡಿಯಲ್ಲಿ ಮೆಕ್ಕೆಜೋಳದ ಹಾಗೆ ತೂಗಿಸಿದ್ದಾಳೆ ಎಂದರೆ ನಂಬುತ್ತೀರಾ ಮಕ್ಕಳೇ? ನಂಬಲೇಬೇಕು. ತಕ್ಕಡಿಯ ಮೇಲೆ ನಿಂತಿದ್ದವಳು ನಾನೇ!

ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ, ಅವರ ತಮ್ಮನ ಹೆಂಡತಿಯಾದ ಈ ಮಹಾತಾಯಿಗೆ ಗಟ್ಟಿಯಾಗುವ ಹುಚ್ಚು ಹಿಡಿಯಿತು. ಮೊದಲು ಸೀರೆ ಎತ್ತಿ ಸಿಕ್ಕಿಸಿ, ಮೊಮ್ಮಗನ ಹಳೇ ಶೂ ಹಾಕಿಕೊಂಡು ನೀರಿನ ಚಾನಲ್ ಏರಿಯ ಮೇಲೆ ವಾಕಿಂಗ್. ಆ ರಭಸಕ್ಕೆ ಎದುರಿಗೆ ಬಂದ ಎಮ್ಮೆಗಳೇ ದಾರಿ ಬಿಡುತ್ತಿದ್ದವು!

"ಇಷ್ಟು ನಡೆದಿದ್ದು ಸಾಲದೇನೇ?" ಎಂದೆ.

"ಕಾಲು ಗಟ್ಟಿಯಾದ್ರೆ ಸಾಲದು ಅಕ್ಕ. ನಾನೊಂದು ಭಾರ ಎತ್ತೋದೈತೆ."

"ಏನದು?"

"ಎತ್ತಿದ ಮೇಲೆ ಹೇಳ್ತೀನಿ!"

ಹೊನ್ನಾಳಿಯ ಆರೋಗ್ಯ ಶಿಬಿರಕ್ಕೆ ಹೋದಾಗ ಭಾರ ಎತ್ತುವಷ್ಟು ಗಟ್ಟಿಯಾಗುವುದು ಹೇಗೆ ಎಂದು ಡಾಕ್ಟರಮ್ಮನನ್ನೇ ಕೇಳಿದಳು. ಆ ಹುಡುಗಿ ನಕ್ಕು, "ಬಸ್ಕಿ ಹೊಡೀರಿ, ಆಮೇಲೆ ಸ್ವಲ್ಪ ಸ್ವಲ್ಪ ಭಾರ ಎತ್ತಿ" ಎಂದಳು. ಇವಳಿಗೆ ಸಿಟ್ಟು ನೆತ್ತಿಗೇರಿತು. "ಬಸ್ಕಿ ಹೊಡಿಯಾಕೆ ನಾನೇನು ತಪ್ಪು ಮಾಡೀನ್ರೀ?"

ಕಡೆಗೆ ಒಪ್ಪಿದಳು. ಆದರೆ ಬಸ್ಕಿಯನ್ನು ಅವಳು ಕಲಿತದ್ದು ಶಾಲೆಯಲ್ಲಿ, ಮೇಷ್ಟ್ರ ಮುಂದೆ. ಕಿವಿ ಹಿಡಿದುಕೊಳ್ಳದೆ ಬಸ್ಕಿ ಉಂಟೇ? ದಿನಾ ಬೆಳಿಗ್ಗೆ ನಾನು ಕಟ್ಟೆಯ ಮೇಲೆ ಕಾಫಿ ಕುಡಿಯುತ್ತಾ ಕೂತಿದ್ದರೆ, ನನ್ನೆದುರಿಗೇ ಎರಡೂ ಕಿವಿ ಹಿಡಿದು ಏಳುವುದು, ಕೂರುವುದು! ಬೀದಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ಎದುರುಮನೆಯಾಕೆ ಅಂತೂ ಕೇಳಿಯೇಬಿಟ್ಟಳು:

"ಏನ್ರೀ, ನೀವು ಬಾಯಿಲ್ಲದೋರು ಅಂತ ತಿಳ್ಕಂಡಿದ್ದೆ. ವಾರಗಿತ್ತೀನ ಹಿಂಗಾ ಇಟ್ಕಳೋದು?"

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು!

ಆಮೇಲೆ ಬಂತು ನೋಡಿ ತೂಕದ ಸರದಿ. ಸಂತೆಗೆಂದು ನ್ಯಾಮತಿಗೆ ಕರೆದುಕೊಂಡು ಹೋದವಳು ಸೀದಾ ಮಂಡಿಗೆ ಎಳೆದಳು. "ಸಾವ್ಕಾರ್ರೇ, ಇವರನ್ನ ಒಂಚೂರು ತೂಗ್ರಿ!" ಹಮಾಲರೆಲ್ಲ ನೋಡುತ್ತಿದ್ದಾರೆ. ನನಗೆ ಮೊದಲೇ ನಾಚಿಕೆ. ಸೆರಗನ್ನು ತಲೆಯ ಮೇಲೆಳೆದು ಕಣ್ಣು ಮುಚ್ಚಿ ನಿಂತೆ. ಸಾವ್ಕಾರರೋ ತಮಾಷೆಯ ಆಸಾಮಿ. "ಅಮ್ಮಾರೇ, ಮಾಲು ಒಣಗೈತಾ, ತೇವ ಐತಾ?"

ಮನೆಗೆ ಬಂದವಳೇ ಒಂದು ಗೋಣಿಚೀಲ ತೆಗೆದು ಅದರಲ್ಲಿ ಸ್ವಲ್ಪ ಜೋಳ ತುಂಬಿದಳು. ವಾರಕ್ಕೊಮ್ಮೆ ಅದಕ್ಕೆ ಒಂದೊಂದು ಸೇರು ಸೇರಿಸುವುದು; ಚೀಲ ನನ್ನ ತೂಕಕ್ಕೆ ಬರಬೇಕು, ಅದನ್ನು ಅವಳೊಬ್ಬಳೇ ನೆಲದಿಂದ ಎತ್ತಬೇಕು. ಇದು ಪಣ. ನನ್ನ ತೂಕವೇ ಯಾಕೆ ಎಂದರೆ ಬಾಯಿ ಬಿಡಲೊಲ್ಲಳು!

ಒಂದು ದಿನ ಕುಣಿಯುತ್ತಾ ಬಂದಳು. "ಅಕ್ಕಾ, ಚೀಲ ಹೂವಿನಂಗೆ ಎದ್ದು ಬಂತು! ಗಟ್ಟಿಯಾಗೀನಿ!"

ಹೋಗಿ ನೋಡಿದೆ. ಚೀಲದ ತಳದಲ್ಲಿ ತೂತು.

"ಗಟ್ಟಿಯಾಗಿರೋದು ನೀನಲ್ಲ ಕಣೇ, ಇಲಿ!"

ಹೊಲಿದಳು, ಮತ್ತೆ ತುಂಬಿದಳು. ಹೋದ ತಿಂಗಳು ಚೀಲ ನನ್ನ ತೂಕ ಮುಟ್ಟಿತು. ಅವತ್ತು ಅಂಗಳದಲ್ಲಿ ಓಣಿಗೆ ಓಣಿಯೇ ಸೇರಿತ್ತು. ಮೊಣಕಾಲು ಮಡಚಿದಳು, ಚೀಲವನ್ನು ಎದೆಗೆ ಅವುಚಿಕೊಂಡಳು, ಮುಖ ಕೆಂಪಾಯಿತು... ಎದ್ದೇ ಬಿಟ್ಟಳು! ಎದುರುಮನೆಯಾಕೆ ಸಿಳ್ಳೆ ಹೊಡೆದಳು. ನಾನೂ ನಾಚಿಕೆ ಬಿಟ್ಟು ಚಪ್ಪಾಳೆ ತಟ್ಟಿದೆ!

ಜನ ಚದುರಿದ ಮೇಲೆ ಕೇಳಿದೆ, "ಈಗಲಾದರೂ ಹೇಳೇ."

ಅವಳು ಸೆರಗಿನಿಂದ ಬೆವರು ಒರೆಸಿಕೊಂಡಳು. "ಭಾವಾರು ಹೋದ ದಿನ ನೀನು ನಡುಮನೇಲಿ ಕುಸಿದು ಕುಂತೆ. ಎಬ್ಬಿಸಾಕೆ ಬಂದೆ, ನನ್ನ ಕೈಲಿ ಆಗ್ಲಿಲ್ಲ. ಯಾರೋ ಗಂಡಸರು ಬಂದು ರಟ್ಟೆ ಹಿಡಿದು ಎತ್ತಿದ್ರು. ಸೆರಗು ಜಾರಿತ್ತು. ಆ ದುಃಖದಾಗೂ ನೀನು ನಾಚ್ಕಂಡು ಮುದುಡಿದ್ದೆ. ಆ ಮುಖ ಮರೆಯಾಕೆ ಆಗಲ್ಲ ಅಕ್ಕ. ಇನ್ನೊಂದು ಸರ್ತಿ ನೀನು ಬಿದ್ರೆ, ನಾನೇ ಎತ್ಬೇಕು."

ಚೀಲದ ಪಕ್ಕದಲ್ಲಿ ನೆಲದ ಮೇಲೆ ಕೂತು ಕೈ ಚಾಚಿದೆ. ಅವಳು ಮೊಣಕಾಲು ಮಡಚಿ, ನನ್ನ ಸೆರಗು ಸರಿಮಾಡಿ, ಮೆಲ್ಲಗೆ ಎಬ್ಬಿಸಿದಳು.

ಎದ್ದು ನಿಂತ ಮೇಲೂ ಎಷ್ಟೋ ಹೊತ್ತು ಕೈ ಬಿಡಲಿಲ್ಲ. ಯಾರು ಬಿಡಲಿಲ್ಲ ಎಂದು ಮಾತ್ರ ಕೇಳಬೇಡಿ.